0.208 ಅನ್ನೇ ದೊಡ್ಡದೆಂದ ಮಗು

ಆರನೇ ತರಗತಿಯ ಬೋರ್ಡಿನ ಮೇಲೆ ಮೂರು ಸಂಖ್ಯೆಗಳಿವೆ: 0.4, 0.65, 0.208. ಇವುಗಳಲ್ಲಿ ದೊಡ್ಡದು ಯಾವುದು?

0.208 ಎಂದ ಮಗು ಬಿಂದುವಿನ ಬಲಗಡೆಯನ್ನೂ ಪೂರ್ಣ ಸಂಖ್ಯೆಯಂತೆಯೇ ಓದುತ್ತಿದೆ. ಇನ್ನೂರ ಎಂಟು ಅರವತ್ತೈದಕ್ಕಿಂತ ದೊಡ್ಡದು ತಾನೆ? 'ಪಾಯಿಂಟ್ ಅರವತ್ತೈದು' ಎಂದು ನಾವೇ ಓದಿ ಹೇಳುವ ರೂಢಿ ಈ ತಪ್ಪಿಗೆ ನೀರೆರೆಯುತ್ತದೆ. 0.4 ಎಂದ ಮಗುವಿನ ದಾರಿ ಬೇರೆ. ಹತ್ತರಲ್ಲಿ ಒಂದು ಪಾಲು ನೂರರಲ್ಲಿ ಒಂದು ಪಾಲಿಗಿಂತ ದೊಡ್ಡದು ಎಂಬುದು ಅದಕ್ಕೆ ಸರಿಯಾಗಿಯೇ ಗೊತ್ತಿದೆ. ಅದನ್ನೇ ಎಳೆದು, ಬಿಂದುವಿನ ನಂತರ ಅಂಕಿ ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು ಎಂದುಕೊಂಡಿದೆ. ಇಬ್ಬರಿಗೂ ಸೊನ್ನೆ ಅಂಕ ಹಾಕಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಮೊದಲನೆಯ ಮಗುವಿಗೆ ಬೇಕಿರುವುದು ಸ್ಥಾನಬೆಲೆಯ ಪಟ್ಟಿ. ಎರಡನೆಯದಕ್ಕೆ ಬೇಕಿರುವುದು ನೂರು ಚೌಕಗಳ ಹಾಳೆ: 0.4ಕ್ಕೆ 40 ಚೌಕ, 0.65ಕ್ಕೆ 65 ಚೌಕ ಬಣ್ಣ ಹಚ್ಚಿಸಿದರೆ ಯಾವುದು ದೊಡ್ಡದೆಂದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆಯ ಸಂಖ್ಯೆಗಳನ್ನು ಆಯ್ದ ರೀತಿಯನ್ನೂ ಗಮನಿಸಬೇಕು. ಇದೇ ಪ್ರಶ್ನೆಯನ್ನು 0.6, 0.45, 0.308 ಎಂದು ಕೇಳಿದ್ದರೆ ಎರಡನೆಯ ಮಗು 0.6 ಎಂದು ಸರಿಯುತ್ತರವನ್ನೇ ಕೊಡುತ್ತಿತ್ತು, ತಪ್ಪು ಕಾರಣಕ್ಕೆ. ಶಿಕ್ಷಕರು ನೆಮ್ಮದಿಯಿಂದ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಒಂದೊಂದು ತಪ್ಪು ತಿಳಿವಳಿಕೆ ಒಂದೊಂದು ಉತ್ತರಕ್ಕೆ ಕರೆದೊಯ್ಯುವಂತೆ ಪ್ರಶ್ನೆ ಹೆಣೆಯುವುದೇ ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಸುತ್ತಲೇ ಮಕ್ಕಳ ತಿಳಿವಳಿಕೆ ನೋಡಿ ಪಾಠ ತಿದ್ದಿಕೊಳ್ಳುವ ಕ್ರಮದ, ಅತಿ ಕಷ್ಟದ ಕೆಲಸ. ಅದನ್ನು ಪಾಠದ ನಡುವೆ ಹೊಳೆದಾಗ ಮಾಡುತ್ತೇನೆಂದರೆ ಆಗದು, ಹಿಂದಿನ ದಿನವೇ ಬರೆದಿಟ್ಟುಕೊಂಡಿರಬೇಕು. ಒಂದು ಅವಧಿಗೆ ಇಂಥದ್ದೊಂದು ಪ್ರಶ್ನೆ ಧಾರಾಳವಾಯಿತು.

'ರೂಪಣಾತ್ಮಕ' ಎಂಬ ವಿಶೇಷಣವನ್ನು 1967ರಲ್ಲಿ ಮೌಲ್ಯಮಾಪನ ತಜ್ಞ ಮೈಕಲ್ ಸ್ಕ್ರಿವೆನ್ ಬಳಸಿದ್ದು ಪಠ್ಯಕ್ರಮದಂಥ ಯೋಜನೆಗಳನ್ನು ಅಳೆಯುವ ಚರ್ಚೆಯಲ್ಲಿ. ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಅದನ್ನು ಮಕ್ಕಳ ಕಲಿಕೆಗೆ ತಂದರು. 1998ರಲ್ಲಿ ಲಂಡನ್ನಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಸುಮಾರು 250 ಅಧ್ಯಯನಗಳನ್ನು ಪರಿಶೀಲಿಸಿದ ಮೇಲೆ ಈ ವಿಚಾರ ಜಗತ್ತಿನಾದ್ಯಂತ ಹರಡಿತು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳಿತು, ಅದರ ಇಂಗ್ಲಿಷ್ ಕಿರುರೂಪವಾದ ಸಿಸಿಇ ಹೆಸರಿನ ಪದ್ಧತಿ ಬಂತು, ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್‌ಎ ಬಂದವು. ಅಲ್ಲಿಯೇ ದಾರಿ ತಪ್ಪಿದ್ದು. ಎಫ್‌ಎ-1 ಎಂದರೆ ಬಹಳಷ್ಟು ಶಾಲೆಗಳಲ್ಲಿ ಇನ್ನೊಂದು ಕಿರುಪರೀಕ್ಷೆ, ಇನ್ನೊಂದು ಅಂಕಪಟ್ಟಿ. ಉತ್ತರ ನೋಡಿ ನಾಳೆಯ ಪಾಠ ಒಂದಿಷ್ಟಾದರೂ ಬದಲಾಗದಿದ್ದರೆ ಅದು ಕೊನೆಗೆ ಅಂಕ ಹಾಕಿ ಮುಗಿಸುವ ಸಂಕಲನಾತ್ಮಕ ಪರೀಕ್ಷೆಯೇ, ಹೆಸರು ಏನೇ ಇರಲಿ.

ಪಾಠದ ನಡುವೆ ನಾವು ನಂಬುವ ಸಾಕ್ಷ್ಯ ಬಹಳ ದುರ್ಬಲವಾದದ್ದು. 'ಅರ್ಥವಾಯಿತಾ ಮಕ್ಕಳೇ?' ಎಂದರೆ 'ಆಯ್ತು ಮಿಸ್' ಎಂದು ಇಡೀ ತರಗತಿ ರಾಗ ಎಳೆಯುತ್ತದೆ. ಕೈ ಎತ್ತಿದವರನ್ನೇ ಕೇಳಿದರೆ ನಲವತ್ತು ಮಕ್ಕಳಲ್ಲಿ ಅದೇ ಐದಾರು ಮಂದಿಯ ಉತ್ತರ ದಿನವೂ ಕೇಳುತ್ತದೆ. ಇದಕ್ಕೆ ಸ್ಲೇಟು ಮತ್ತು ಬಳಪದಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಸ್ಲೇಟು ಇಲ್ಲದಿದ್ದರೆ ನೋಟ್‌ಬುಕ್ಕಿನ ಕೊನೆಯ ಹಾಳೆ ಸಾಕು. ಪ್ರಶ್ನೆ ಬರೆಯಿರಿ, ಒಂದು ನಿಮಿಷ ಮೌನ, ಬರೆದವರು ಸ್ಲೇಟನ್ನು ಎದೆಗೆ ಒತ್ತಿ ಹಿಡಿಯಬೇಕು, 'ಮೂರು' ಎಂದಾಗ ಎಲ್ಲರೂ ಒಟ್ಟಿಗೆ ತೋರಿಸಬೇಕು. ಈ 'ಒಟ್ಟಿಗೆ' ತಪ್ಪಿದರೆ ಪಕ್ಕದವರ ಸ್ಲೇಟು ನೋಡಿ ಅಳಿಸಿ ಬರೆಯುವುದು ಶುರುವಾಗುತ್ತದೆ, ಆಗ ಕಾಣುವುದು ತರಗತಿಯ ಜಾಣ ಮಗುವಿನ ಉತ್ತರದ ನಕಲು. ಹತ್ತಕ್ಕಿಂತ ಕಡಿಮೆ ಮಂದಿ ತಪ್ಪಿದ್ದರೆ ಅವರನ್ನು ಬೇರೆ ಕೂರಿಸಿ ಹೇಳಿಕೊಡಬಹುದು. ಅರ್ಧ ತರಗತಿ ತಪ್ಪಿದ್ದರೆ ಪಾಠವನ್ನೇ ಬೇರೆ ಬಗೆಯಲ್ಲಿ ಮಾಡಬೇಕು, ಅದೇ ಮಾತನ್ನು ಗಟ್ಟಿಯಾಗಿ ಮತ್ತೆ ಹೇಳಿದರೆ ಆಗದು.

ಬಾಯಿಮಾತಿನ ಪ್ರಶ್ನೆಗೆ ಕಾಯುವುದೂ ಕಲಿಯಬೇಕಾದ ಅಭ್ಯಾಸ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಿಕೆ ಕೇಳಿ ಅಳೆದರು. ಪ್ರಶ್ನೆ ಕೇಳಿ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಕೊಡದ ಮಕ್ಕಳು ಕಡಿಮೆಯಾದರು. ಬೋರ್ಡಿನ ಮುಂದೆ ನಿಂತವರಿಗೆ ಆ ಮೂರು ಸೆಕೆಂಡು ಯುಗದಂತೆ ಅನ್ನಿಸುತ್ತದೆ. ಮನಸ್ಸಿನಲ್ಲೇ ಎಣಿಸಿ.

ಪುಸ್ತಕ ತಿದ್ದುವಾಗ ಅಂಕವನ್ನೂ ಟಿಪ್ಪಣಿಯನ್ನೂ ಒಟ್ಟಿಗೆ ಬರೆಯಬೇಡಿ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ಅಂಕ ಮಾತ್ರ, ಇನ್ನೊಂದಕ್ಕೆ ಟಿಪ್ಪಣಿ ಮಾತ್ರ, ಮೂರನೆಯದಕ್ಕೆ ಎರಡೂ ಸಿಕ್ಕವು. ಮುಂದಕ್ಕೆ ಸಾಗಿದ್ದು ಟಿಪ್ಪಣಿ ಮಾತ್ರ ಸಿಕ್ಕ ಗುಂಪು. ಅಂಕ ಕಂಡ ಕಣ್ಣು ಟಿಪ್ಪಣಿಯ ಕಡೆ ಹೊರಳುವುದಿಲ್ಲ, ಪಕ್ಕದವರ ಅಂಕದ ಕಡೆ ಹೊರಳುತ್ತದೆ. ಟಿಪ್ಪಣಿಯೂ 'ಇನ್ನೂ ಚೆನ್ನಾಗಿ ಬರೆ' ಎಂದಿದ್ದರೆ ಮಗು ಮಾಡಬೇಕಾದ್ದೇನು? 'ಈ ಹತ್ತು ಲೆಕ್ಕಗಳಲ್ಲಿ ಎರಡು ತಪ್ಪಿವೆ, ಹುಡುಕಿ ಸರಿಮಾಡು' ಎಂದು ಬರೆದರೆ ಕೆಲಸ ಮಗುವಿನದಾಗುತ್ತದೆ. ತಿದ್ದಿಕೊಳ್ಳಲು ಮರುದಿನದ ಅವಧಿಯ ಮೊದಲ ಹತ್ತು ನಿಮಿಷ ಮೀಸಲಿಡದಿದ್ದರೆ ರಾತ್ರಿ ಕೂತು ಬರೆದದ್ದೆಲ್ಲ ವ್ಯರ್ಥ.

ಇಷ್ಟನ್ನೂ ಒಂದು ದಿನದ ತರಬೇತಿಯಲ್ಲಿ ಹೇಳಿ ಮುಗಿಸಿದರೆ ಏನೂ ಬದಲಾಗುವುದಿಲ್ಲ. ಶಿಕ್ಷಕರಿಗೆ ಮಾಹಿತಿಯ ಕೊರತೆ ಇಲ್ಲ. ಇಪ್ಪತ್ತು ವರ್ಷದ ಅಭ್ಯಾಸ ತರಗತಿಯ ಗದ್ದಲದ ನಡುವೆ ತಾನಾಗಿ ಮರಳುತ್ತದೆ, ಅಷ್ಟೆ. ಇಂಗ್ಲೆಂಡಿನ 140 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ವರದಿಯಾದ ಪ್ರಯೋಗದಲ್ಲಿ ಅರ್ಧದಷ್ಟು ಶಾಲೆಗಳ ಶಿಕ್ಷಕರು ಇಂಥ ಅಭ್ಯಾಸಗಳನ್ನು ಚರ್ಚಿಸಲು ಶಾಲೆಯಲ್ಲೇ ಗುಂಪುಗಳಾಗಿ ತಿಂಗಳಿಗೊಮ್ಮೆ 75 ನಿಮಿಷ ಕೂಡುತ್ತಿದ್ದರು, ಎರಡು ವರ್ಷ. ಮಕ್ಕಳ ಪ್ರಗತಿ ಸರಾಸರಿ ಎರಡು ತಿಂಗಳ ಕಲಿಕೆಯಷ್ಟು ಹೆಚ್ಚಿತ್ತೆಂದು ಅಂದಾಜಾಯಿತು. ನಮ್ಮ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆಗಳಿಗೆ ಇದು ಸಲೀಸಾಗಿ ಹೊಂದುತ್ತದೆ. ಸುತ್ತೋಲೆ ಓದುವುದನ್ನು ಹತ್ತು ನಿಮಿಷಕ್ಕೆ ಮುಗಿಸಿ, ಉಳಿದ ಹೊತ್ತನ್ನು ಇದಕ್ಕೆ ಕೊಟ್ಟರೆ ಸಾಕು. ಕಳೆದ ತಿಂಗಳು ಮಾಡುತ್ತೇನೆಂದದ್ದನ್ನು ಮಾಡಿದಿರಾ, ಏನಾಯಿತು ಎಂದು ಪ್ರತಿಯೊಬ್ಬರೂ ಹೇಳಬೇಕು. ಮುಂದಿನ ತಿಂಗಳಿಗೆ ಒಂದೇ ಒಂದು ಬದಲಾವಣೆಯನ್ನು ಬರೆದುಕೊಂಡು ಹೋಗಬೇಕು. ನಾಲ್ಕನ್ನು ಬರೆದುಕೊಂಡವರು ಒಂದನ್ನೂ ಮಾಡುವುದಿಲ್ಲ.

ಎರಡು ಸಭೆಗಳ ನಡುವೆ ಸಹೋದ್ಯೋಗಿಯೊಬ್ಬರು ಬಂದು ಇಪ್ಪತ್ತು ನಿಮಿಷ ತರಗತಿಯಲ್ಲಿ ಕೂರಲಿ. ಏನನ್ನು ನೋಡಬೇಕೆಂದು ಹೇಳುವವರು ಪಾಠ ಮಾಡುವವರೇ: 'ನಾನು ಎಷ್ಟು ಸೆಕೆಂಡು ಕಾಯುತ್ತೇನೆ ನೋಡಿ', 'ಹಿಂದಿನ ಸಾಲಿನ ಎಷ್ಟು ಮಕ್ಕಳು ಮಾತಾಡಿದರು ಎಣಿಸಿ'. ಎಣಿಸಿದ ಚೀಟಿ ಪಾಠ ಮಾಡಿದವರ ಕೈಗೇ ಹೋಗಬೇಕು. ಅದರ ಪ್ರತಿ ಮುಖ್ಯ ಶಿಕ್ಷಕರ ಕಡತಕ್ಕೆ ಸೇರಿತೆಂದರೆ ಮುಂದಿನ ಸಲ ಅಭ್ಯಾಸ ಮಾಡಿಸಿಟ್ಟ ಪಾಠವೇ ನೋಡಲು ಸಿಗುತ್ತದೆ.