ಎತ್ತರ ನೋಡಿ ಮೋಸ ಹೋಗಬೇಡಿ: ಸಸಿ, ನೆರಳು, ಬಿಸಿಲು

ಒಂದೇ ದಿನ ಬಿತ್ತಿದ ಎರಡು ಹೊಂಗೆ ಸಸಿ. ಒಂದು ಮರದಡಿ, ಇನ್ನೊಂದು ಬಯಲಲ್ಲಿ. ಕೆಲವು ವಾರ ಕಳೆದಾಗ ಮರದಡಿಯದೇ ಉದ್ದವಾಗಿ ಕಾಣಬಹುದು. ಅದನ್ನು ನೋಡಿ ಪರೀಕ್ಷೆಯಲ್ಲಿ 'ನೆರಳಲ್ಲಿ ಬೆಳವಣಿಗೆ ಜಾಸ್ತಿ' ಎಂದು ಬರೆದರೆ ಅಂಕ ಹೋದಂತೆಯೇ. ಕಾಂಡ ಎಷ್ಟು ದಪ್ಪ, ಬೇರು ಎಷ್ಟು, ಒಣಗಿಸಿದಾಗ ತೂಕ ಎಷ್ಟು? ಇವನ್ನೂ ನೋಡಬೇಕು. ನೆರಳಿನ ಸಸಿ ಸಾಮಾನ್ಯವಾಗಿ ಸೋಲುವುದು ಇಲ್ಲೇ.

ಹಾಗಾದರೆ ಅದು ಉದ್ದವಾಗುವುದು ಏಕೆ? ಮೇಲಿನ ಮರದ ಎಲೆಗಳು 660 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತವೆ. 730ರ ಆಸುಪಾಸಿನ ದೂರಕೆಂಪು, ಅಂದರೆ ಕೆಂಪಿನಾಚೆ ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕನ್ನು ಬಹುಪಾಲು ಕೆಳಕ್ಕೆ ಬಿಡುತ್ತವೆ. ಈ ಎರಡರ ಅನುಪಾತ ಬದಲಾದದ್ದನ್ನು ಸಸಿಯ ಫೈಟೋಕ್ರೋಮ್ ಎಂಬ ವರ್ಣಕ ಗುರುತಿಸುತ್ತದೆ. ತಲೆ ಮೇಲೆ ಯಾರೋ ಇದ್ದಾರೆ ಎಂಬ ಸೂಚನೆ ಅದು. ಆಗ ಗೆಣ್ಣುಗಳ ನಡುವಿನ ಅಂತರ ಹಿಗ್ಗುತ್ತದೆ, ಬೇರಿಗೆ ಹೋಗಬೇಕಾದ ಆಹಾರ ಕಾಂಡಕ್ಕೆ ಹೋಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕಪ್ಪು ಶೇಡ್ ನೆಟ್ ಬೆಳಕನ್ನು ಕಡಿಮೆ ಮಾಡುತ್ತದೆ ಅಷ್ಟೇ, ಈ ಅನುಪಾತವನ್ನು ಅಷ್ಟಾಗಿ ಕೆಡಿಸುವುದಿಲ್ಲ. ನರ್ಸರಿಯ ನೆರಳೂ ಮರದ ನೆರಳೂ ಒಂದೇ ಅಲ್ಲ. ಪ್ರಯೋಗ ಮಾಡುವವರು ಇದನ್ನು ಮರೆತೇಬಿಡುತ್ತಾರೆ.

ಎಲೆಯೂ ಬದಲಾಗುತ್ತದೆ. ನೆರಳಲ್ಲಿ ತೆಳು, ಅಗಲ. ಬಿಸಿಲಲ್ಲಿ ದಪ್ಪ, ಚಿಕ್ಕದು. ಇನ್ನು ದ್ಯುತಿಸಂಶ್ಲೇಷಣೆಯ ಗಳಿಕೆ, ಉಸಿರಾಟದ ಖರ್ಚು ಎರಡೂ ಸಮವಾಗುವ ಬೆಳಕಿನ ಮಟ್ಟವೊಂದಿದೆ. ಬೆಳಕು ಅದಕ್ಕಿಂತ ಕೆಳಗೇ ಉಳಿದರೆ ಸಸಿ ಕೂಡಿಟ್ಟದ್ದನ್ನು ತಿಂದು ಮುಗಿಸಿ ಸಾಯುತ್ತದೆ. ನೆರಳನ್ನು ತಾಳಿಕೊಳ್ಳುವ ಜಾತಿಗಳಲ್ಲಿ ಈ ಮಟ್ಟ ಕಡಿಮೆ. ನೇರಳೆ ಸಸಿ ಮರದಡಿ ಬದುಕುತ್ತದೆ. ತೇಗ, ಕೆರೆ ಅಂಗಳದ ಕರಿಜಾಲಿ ಬದುಕುವುದು ಕಷ್ಟ.

ಪುಸ್ತಕದಲ್ಲಿ ಇಷ್ಟಕ್ಕೆ ಅಧ್ಯಾಯ ಮುಗಿಯಬಹುದು. ಆದರೆ ನಮ್ಮ ತುಮಕೂರಿನಲ್ಲಿ, ಅದರಲ್ಲೂ ಶಿರಾ, ಪಾವಗಡದ ಕಡೆ, ಪ್ರಶ್ನೆ ಬೆಳಕಿನದ್ದಲ್ಲ, ನೀರಿನದ್ದು. ಬೆಳಕಿಗೆ ಇಲ್ಲಿ ಬರವೇ ಇಲ್ಲ, ಅಲ್ವಾ? ಮಣ್ಣು ಒಣಗಿದಾಗ ಮಧ್ಯಾಹ್ನ ಎಲೆಯ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದಿಲ್ಲ, ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಆ ಶಕ್ತಿ ಎಲೆಯ ಯಂತ್ರಾಂಗಕ್ಕೇ ಪೆಟ್ಟು ಕೊಡುತ್ತದೆ. ಅದಕ್ಕೇ ಒಣ ಕಾಡಿನಲ್ಲಿ ಪೊದೆಯ ಮರೆಯಲ್ಲಿ ಹುಟ್ಟಿದ ಸಸಿಗೆ ಬದುಕುವ ಅವಕಾಶ ಹೆಚ್ಚಿರುತ್ತದೆ. ಶ್ರೀಗಂಧವೇ ಉದಾಹರಣೆ. ಹಕ್ಕಿ ಹಾಕಿದ ಬೀಜ ಮುಳ್ಳುಪೊದೆಯೊಳಗೆ ಮೊಳೆತರೆ ನೆರಳು ಸಿಗುತ್ತದೆ, ದನ, ಮೇಕೆಗಳಿಂದ ಕಾವಲೂ ಸಿಗುತ್ತದೆ, ಬೇರು ಅಂಟಿಸಿ ನೀರು, ಪೋಷಕಾಂಶ ಹೀರಿಕೊಳ್ಳಲು ಆಸರೆ ಗಿಡವೂ ಸಿಗುತ್ತದೆ. ನರ್ಸರಿಯ ಪಾಕೆಟ್‌ನಲ್ಲಿ ಆ ಆಸರೆಗೆಂದೇ ತೊಗರಿ ಹಾಕುತ್ತಾರೆ. ಬೆಳೆದ ಮೇಲೆ ಗಂಧಕ್ಕೂ ಬಿಸಿಲು ಬೇಕು.

ಹಾಗಂತ ಎಲ್ಲ ನೆರಳೂ ತಂಪಲ್ಲ. ದೊಡ್ಡ ಹುಣಸೆ ಮರದ ಬುಡದಲ್ಲಿ ನೆರಳೇನೋ ಇದೆ, ಆದರೆ ಅದರ ಬೇರುಗಳು ಅಲ್ಲಿನ ನೀರನ್ನೂ ಕುಡಿಯುತ್ತವೆ.

ನೆಡುವವರಿಗೆ ಒಂದು ಮಾತು. ಶೇಡ್ ನೆಟ್ಟಿನ ಸಸಿಯನ್ನು ನೇರ ಹೊಲದ ಬದುವಿಗೆ ಒಯ್ದರೆ ತೆಳು ಎಲೆಗಳು ಸುಟ್ಟುಹೋಗುತ್ತವೆ. ಮೊದಲು ಬೆಳಗಿನ ಬಿಸಿಲು, ಆಮೇಲೆ ಸ್ವಲ್ಪ ಹೆಚ್ಚು ಹೊತ್ತು, ಹೀಗೆ ಕೆಲವು ವಾರ ರೂಢಿ ಮಾಡಿಸಬೇಕು, ನೀರನ್ನೂ ನಿಧಾನವಾಗಿ ಕಡಿಮೆ ಮಾಡಬೇಕು. ಹಳೆ ಎಲೆ ಉದುರಿದರೆ ಗಾಬರಿ ಬೇಡ. ನೆರಳಲ್ಲಿ ಬಲಿತ ಎಲೆ ಬಿಸಿಲಿನ ಎಲೆಯಾಗಿ ಪೂರ್ತಿ ಮಾರ್ಪಡುವುದಿಲ್ಲ. ಹೊಸ ಚಿಗುರು ಬಂತೇ, ಅದನ್ನು ನೋಡಿ.