ಮೂರು ನಿಮಿಷದ ಹಾಡು, ಅರಗಿನ ಹುಳು

ಹಾಡುಗಳು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿವೆ, ಕೇಳುವವರಿಗೆ ತಾಳ್ಮೆಯೇ ಇಲ್ಲ ಎಂಬ ದೂರು ಆಗಾಗ ನನ್ನ ಕಿವಿಗೆ ಬೀಳುತ್ತದೆ. ತಾಳ್ಮೆಯ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಳೆಯ ತಟ್ಟೆಗಳನ್ನು ತೊಳೆದು, ಟೇಪಿನ ಸುರುಳಿಗಳನ್ನು ಬಿಡಿಸಿ, ಅವುಗಳ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ನನ್ನ ಕಸುಬು. ಈ ಮೇಜಿನ ಮುಂದೆ ಕುಳಿತವರಿಗೆ ಒಂದು ಸಂಗತಿ ಬೇಗ ಮನದಟ್ಟಾಗುತ್ತದೆ: ಹಾಡಿನ ಅಳತೆಯನ್ನು ಗೊತ್ತುಮಾಡಿದ್ದು ಕೇಳುಗರ ರುಚಿಗಿಂತ ಹೆಚ್ಚಾಗಿ ಹಾಡನ್ನು ಹೊತ್ತ ವಸ್ತು, ಮತ್ತು ಅದರಿಂದ ಹಣ ಹುಟ್ಟುವ ಬಗೆ.

ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತು ಅಂಗುಲದ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ದನಿ. ಗಂಟೆಗಟ್ಟಲೆ ಅರಳಬೇಕಾದ ಸಂಗೀತವೂ ಅಷ್ಟರಲ್ಲೇ ಮೈ ಮುದುಡಿಕೊಳ್ಳಬೇಕಾಯಿತು. ತಟ್ಟೆ ಹೋದರೂ ಆ ಮೂರು ನಿಮಿಷ ರೇಡಿಯೊದಲ್ಲಿ, ಜೂಕ್‌ಬಾಕ್ಸಿನಲ್ಲಿ ಬೇರುಬಿಟ್ಟು ಉಳಿಯಿತು.

ಆ ತಟ್ಟೆ ಅರಗಿನದು. ಪಾಂಡವರಿಗಾಗಿ ಕಟ್ಟಿಸಿದ ಮನೆಯಲ್ಲಿದ್ದ ಅದೇ ಅರಗು. ಮುತ್ತುಗ, ಬೋರೆಯಂತಹ ಮರಗಳ ಎಳೆಯ ರೆಂಬೆಗೆ ಬಾಯಿಟ್ಟು ರಸ ಹೀರುವ ಪುಟ್ಟ ಕೀಟ ತನ್ನ ಮೈಸುತ್ತ ಸುರಿಸಿಕೊಳ್ಳುವ ಅಂಟು ಅದು. ರೆಂಬೆಯಿಂದ ಕೆರೆದು, ತೊಳೆದು, ಕರಗಿಸಿ ಹಾಳೆಯಾಗಿ ಎಳೆದರೆ ಶೆಲ್ಯಾಕ್. ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಗ್ರಾಮಫೋನಿನ ತಟ್ಟೆಗಳಿಗೆ ಮೊದಲು ಗಟ್ಟಿ ರಬ್ಬರ್ ಬಳಕೆಯಾಗುತ್ತಿತ್ತು. ಆ ಶತಮಾನ ಮುಗಿಯುವ ಮೊದಲೇ ಶೆಲ್ಯಾಕ್ ಅದರ ಜಾಗಕ್ಕೆ ಬಂದಿತು. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೊರಟಿದ್ದು ಭಾರತದ ಕಾಡುಗಳಿಂದ. ಬಾಲ್‌ರೂಮಿನಲ್ಲಿ ಜಾಝ್ ಕೇಳಿ ಕುಣಿದವರಿಗೆ ಆ ಹುಳುವಿನ ಗೊಡವೆ ಇರಲಿಲ್ಲ.

ತಟ್ಟೆಯಲ್ಲಿ ಅರಗು ಕೇವಲ ಅಂಟು. ಉಳಿದದ್ದರಲ್ಲಿ ಹೆಚ್ಚಿನದು ನುಣ್ಣಗೆ ಅರೆದ ಕಲ್ಲಿನ ಪುಡಿ. ಅದು ತಟ್ಟೆಯ ಗೀರಿನಲ್ಲಿ ಓಡಿ ದನಿ ಹೊರಡಿಸುವ ಉಕ್ಕಿನ ಮುಳ್ಳನ್ನು ಉಜ್ಜಿ ಉಜ್ಜಿ ಆ ಗೀರಿನ ಆಕಾರಕ್ಕೆ ತರುತ್ತಿತ್ತು. ಹಾಗಾಗಿ ಒಂದೊಂದು ಬದಿಗೂ ಹೊಸ ಮುಳ್ಳು ಬೇಕಾಗುತ್ತಿತ್ತು. ಹಳೆಯ ತಟ್ಟೆಗಳ ಚರಚರ ಸದ್ದಿನಲ್ಲಿ ಈ ಪುಡಿಯದೂ ಪಾಲಿದೆ. (ಮನೆಯಲ್ಲಿ ಇಂಥ ತಟ್ಟೆಗಳಿದ್ದರೆ ದಯವಿಟ್ಟು ಸ್ಪಿರಿಟ್ ಹಚ್ಚಿ ಒರೆಸಬೇಡಿ. ಶೆಲ್ಯಾಕ್ ಆಲ್ಕೋಹಾಲಿನಲ್ಲಿ ಕರಗುತ್ತದೆ. ಧೂಳಿನ ಜೊತೆಗೆ ಹಾಡೂ ಹೋಗುತ್ತದೆ.)

ಎರಡನೆಯ ಮಹಾಯುದ್ಧದಲ್ಲಿ ಅರಗಿನ ಸಾಗಣೆ ಕಷ್ಟವಾಯಿತು. 1942ರಲ್ಲಿ ಅಮೆರಿಕ ಸರ್ಕಾರ ತಟ್ಟೆಗಳಿಗೆ ಶೆಲ್ಯಾಕ್ ಬಳಸುವುದಕ್ಕೆ ಕಡಿವಾಣ ಹಾಕಿತು. ಹಳೆಯ ತಟ್ಟೆಗಳನ್ನು ಜನರಿಂದ ವಾಪಸು ಪಡೆದು, ಪುಡಿಮಾಡಿ, ಹೊಸ ತಟ್ಟೆ ಒತ್ತಿದರು. ಆ ಪುಡಿಯಲ್ಲಿ ಯಾವ ಯಾವ ದನಿಗಳು ಹೋದವೋ ಎಂದು ನನ್ನಂಥವನು ಇಂದಿಗೂ ಹೊಟ್ಟೆ ಉರಿಸಿಕೊಳ್ಳುತ್ತಾನೆ. ಸೈನಿಕರಿಗೆ ಕಳಿಸುವ ತಟ್ಟೆಗಳು ಹಡಗಿನಲ್ಲಿ ಒಡೆಯಬಾರದೆಂದು ವಿನೈಲ್ ಬಳಕೆಗೆ ಬಂದಿತು. 1948ರಲ್ಲಿ ಕೊಲಂಬಿಯ ಕಂಪನಿ ಅದರಲ್ಲೇ ಎಲ್‌ಪಿ (ಲಾಂಗ್ ಪ್ಲೇ) ತಟ್ಟೆ ಹೊರತಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಜಾಗ ಸಿಕ್ಕಿತು. ಇಡೀ ಆಲ್ಬಮ್ಮನ್ನು ಒಂದೇ ಕೃತಿಯಂತೆ ಕಟ್ಟುವ ಕಲೆ ಬೆಳೆದದ್ದು ಆ ಜಾಗದಲ್ಲಿ. ವಿನೈಲ್ ಪೆಟ್ರೋಲಿಯಂ ಕುಲದ ಪ್ಲಾಸ್ಟಿಕ್. ಹಾಗಾಗಿ 1973ರ ತೈಲ ಬಿಕ್ಕಟ್ಟು ಸಂಗೀತದ ಅಂಗಡಿಗೂ ತಟ್ಟಿತು. 1982ರಲ್ಲಿ ಬಂದ ಸಿ.ಡಿ.ಯಲ್ಲಿ 74 ನಿಮಿಷ ಹಿಡಿಸಿತು. ಆಲ್ಬಮ್‌ಗಳು ಕೂಡಲೇ ಉದ್ದವಾದವು. ಎಲ್ಲವೂ ಉದ್ದವಾಗಬೇಕಿತ್ತೆಂದು ನನಗೇನೂ ಅನ್ನಿಸುವುದಿಲ್ಲ.

ಈಗ ಸ್ಟ್ರೀಮಿಂಗ್. ಇಲ್ಲಿ ಜಾಗಕ್ಕೆ ಬರವಿಲ್ಲ, ಹಾಡು ದಿನವಿಡೀ ಹರಿಯಬಹುದು. ಆದರೂ ಗಿಡ್ಡವಾಗುತ್ತಿದೆ. ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಅದು ಒಂದು ಆಲಿಕೆ ಎಂದು ಲೆಕ್ಕಕ್ಕೆ ಬರುತ್ತದೆ. ಎರಡು ನಿಮಿಷದ ಹಾಡಿಗೂ ಎಂಟು ನಿಮಿಷದ ಹಾಡಿಗೂ ಒಂದೇ ಎಣಿಕೆ, ಹಣ ಬರುವುದೂ ಆ ಎಣಿಕೆಯ ಮೇಲೆಯೇ. ಹೀಗಿರುವಾಗ ದೀರ್ಘ ಪೀಠಿಕೆ ನುಡಿಸಿ ಕೇಳುಗ ಓಡಿಹೋಗುವ ಅಪಾಯವನ್ನು ನಿರ್ಮಾಪಕ ಏಕೆ ಮೈಮೇಲೆ ಎಳೆದುಕೊಳ್ಳುತ್ತಾನೆ? ಪಲ್ಲವಿ ಮೊದಲೇ ಬಂದುಬಿಡುತ್ತದೆ. ಕಲ್ಲಿನ ಪುಡಿಯ ತಟ್ಟೆ ಮಾಡಿದ್ದನ್ನು ಈಗ ಪಾವತಿಯ ನಿಯಮ ಮಾಡುತ್ತಿದೆ.

ಇನ್ನೊಂದು ಕಡೆ ವಿನೈಲ್ ಮರಳಿದೆ. 2022ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ ಸಿ.ಡಿ.ಗಳದ್ದನ್ನು ಮೀರಿತು, 1987ರ ನಂತರ ಹೀಗಾದದ್ದು ಅದೇ ಮೊದಲು. ಇದನ್ನು ಹಳೆಯದರ ಮೋಹ ಎಂದು ತಳ್ಳಿಹಾಕುವವರಿದ್ದಾರೆ. ಕಪಾಟಿನಲ್ಲಿಡಲು, ಕೈಯಲ್ಲಿ ಹಿಡಿಯಲು ಏನಾದರೂ ಬೇಕೆನ್ನುವ ಆಸೆಯಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ. ಆದರೆ ಆ ಆಸೆಯ ಬುಡ ಬಹಳ ತೆಳುವಾಗಿದೆ. ತಟ್ಟೆ ಒತ್ತುವ ಮುನ್ನ ಹಾಡನ್ನು ಸಾಮಾನ್ಯವಾಗಿ ಲ್ಯಾಕರ್ ಎಂಬ ಮೆರುಗೆಣ್ಣೆ ಬಳಿದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೊರೆಯಬೇಕು. ಅಂಥ ಬಿಲ್ಲೆ ತಯಾರಿಸುತ್ತಿದ್ದ ಪ್ರಮುಖ ಕಾರ್ಖಾನೆಗಳು ಎರಡೇ. ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೊ ಮಾಸ್ಟರ್ಸ್ 2020ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಉಳಿದದ್ದು ಜಪಾನಿನದು.

ಪ್ಲಾಸ್ಟಿಕ್ಕಿಗಿಂತ ಸ್ಟ್ರೀಮಿಂಗ್ ಪರಿಸರಕ್ಕೆ ಮೇಲಲ್ಲವೇ ಎಂದು ಕೇಳುತ್ತಾರೆ. ಒಂದು ಹಾಡನ್ನು ಒಮ್ಮೆ ಕೇಳುವುದಾದರೆ, ಹೌದು. ಮತ್ತೆ ಮತ್ತೆ ಕೇಳುವುದಾದರೆ ತಟ್ಟೆಯ ದೊಡ್ಡ ಹೊರೆ ಅದನ್ನು ತಯಾರಿಸಿ ಸಾಗಿಸಿದಾಗಲೇ ಮುಗಿದಿರುತ್ತದೆ, ಆಮೇಲೆ ಬೇಕಾಗುವುದು ಪ್ಲೇಯರಿನ ಅಲ್ಪ ವಿದ್ಯುತ್ತು. ಸ್ಟ್ರೀಮಿಂಗಿನಲ್ಲಿ ಪ್ರತಿ ಸಲವೂ ಸರ್ವರ್, ಜಾಲ, ಮೊಬೈಲ್ ಎಲ್ಲವೂ ದುಡಿಯಬೇಕು. ಎಲ್ಲ ಬಗೆಯ ದತ್ತಾಂಶ ಕೇಂದ್ರಗಳೂ ಸೇರಿ 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು 1.5 ಶೇಕಡಾ ಬಳಸಿದವು ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಅದರಲ್ಲಿ ಸಂಗೀತದ ಪಾಲು ಚಿಕ್ಕದು, ವಿಡಿಯೊ ಅದಕ್ಕಿಂತ ಬಲು ಭಾರ. ಹಾಡು ಕೇಳುವುದಷ್ಟೇ ಉದ್ದೇಶವಾಗಿದ್ದರೆ ಪರದೆಯ ಮೇಲೆ ವಿಡಿಯೊ ಓಡಿಸದೆ ಬರೀ ಆಡಿಯೊ ಹಾಕಿಕೊಳ್ಳಿ. ಪದೇ ಪದೇ ಕೇಳುವುದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.