ಗುರುತ್ವಾಕರ್ಷಣೆ ಮಾಹಿತಿಯಿಂದ ಹುಟ್ಟುತ್ತದೆಯೇ?

ಪ್ರಶ್ನೆ: ಗುರುತ್ವಾಕರ್ಷಣೆ ಮೂಲಭೂತ ಬಲವೇ ಅಲ್ಲ, ಮಾಹಿತಿಯಿಂದ ಹುಟ್ಟುವಂಥದ್ದು ಎನ್ನುತ್ತಾರಲ್ಲ. ಹಾಗಿದ್ದರೆ ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಉಪಗ್ರಹಗಳಿಗೆ ಹಾಕುವ ಲೆಕ್ಕದ ಗತಿಯೇನು?

ಲೆಕ್ಕಕ್ಕೆ ಏನೂ ಆಗುವುದಿಲ್ಲ. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹವನ್ನು ಸೂರ್ಯ, ಚಂದ್ರರ ಸೆಳೆತ ಸದಾ ಅತ್ತಿತ್ತ ಸರಿಸುತ್ತಿರುತ್ತದೆ. ಸಾಲಗಾಮೆ ರಸ್ತೆಯ ಆ ಕೇಂದ್ರದವರು ಆಗಾಗ ಆದೇಶ ಕಳಿಸಿ ಅದನ್ನು ಜಾಗಕ್ಕೆ ತರುತ್ತಾರೆ. ಸೆಳೆತ ಎಷ್ಟು ಎಂಬುದರಲ್ಲಿ ತಕರಾರಿಲ್ಲ. ಎಲ್ಲಿಂದ ಬರುತ್ತದೆ ಎಂಬುದಷ್ಟೇ ಚರ್ಚೆ.

ರಬ್ಬರ್ ಬ್ಯಾಂಡ್ ಎಳೆದರೆ ಅದರ ಉದ್ದನೆಯ ಅಣುಗಳು ನೆಟ್ಟಗಾಗುತ್ತವೆ. ನೆಟ್ಟಗಿರಲು ಇರುವ ವಿಧಗಳು ಕೆಲವೇ, ಮುದುಡಿಕೊಳ್ಳಲು ಅಸಂಖ್ಯ. ಬಿಟ್ಟ ಕೂಡಲೇ ಅದು ಕುಗ್ಗುವುದಕ್ಕೆ ಮುಖ್ಯ ಕಾರಣ ಇದೇ. ಈ ವಿಧಗಳ ಎಣಿಕೆಯ ಅಳತೆಯೇ ಎಂಟ್ರೊಪಿ. ಇಲ್ಲಿ ‘ಮಾಹಿತಿ’ ಎಂದರೂ ಅದೇ. ಗುರುತ್ವವೂ ಇಂಥದ್ದೇ ಎಂದು 2010ರಲ್ಲಿ ವಾದಿಸಿದವರು ಆಮ್‌ಸ್ಟರ್‌ಡ್ಯಾಮ್‌ನ ಭೌತವಿಜ್ಞಾನಿ ಎರಿಕ್ ವರ್ಲಿಂಡೆ.

ಇದು ಗಾಳಿಯಲ್ಲಿ ಹುಟ್ಟಿದ ಮಾತಲ್ಲ. ಕಪ್ಪುಕುಳಿಯ ಎಂಟ್ರೊಪಿ ಅದರ ಘನಗಾತ್ರವನ್ನಲ್ಲ, ಮೇಲ್ಮೈ ವಿಸ್ತೀರ್ಣವನ್ನು ಅವಲಂಬಿಸಿದೆ ಎಂದು 1970ರ ದಶಕದಲ್ಲಿ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ತೋರಿಸಿದ್ದರು. 1995ರಲ್ಲಿ ಟೆಡ್ ಜೇಕಬ್‌ಸನ್ ಎಂಟ್ರೊಪಿಯೂ ಸೇರಿದ ಉಷ್ಣದ ನಿಯಮಗಳಿಂದಲೇ ಐನ್‌ಸ್ಟೈನರ ಗುರುತ್ವ ಸಮೀಕರಣವನ್ನು ಹೊರಡಿಸಿದರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಬೆರಗಿನ ಫಲಿತಾಂಶ ಅದು. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯೂಕಾದಲ್ಲಿದ್ದ ತಾಣು ಪದ್ಮನಾಭನ್ ಇದೇ ಜಾಡಿನಲ್ಲಿ ವರ್ಷಗಟ್ಟಲೆ ದುಡಿದರು. ನಮ್ಮ ವಿದ್ಯಾರ್ಥಿಗಳಿಗೆ ಅವರ ಹೆಸರು ಗೊತ್ತಿರಬೇಕು.

ಆಕ್ಷೇಪಗಳೂ ಗಟ್ಟಿಯಾಗಿವೆ. 2002ರಲ್ಲಿ ಗ್ರೆನೋಬಲ್‌ನಲ್ಲಿ ಅತಿ ಶೀತಲ ನ್ಯೂಟ್ರಾನ್‌ಗಳನ್ನು ಕನ್ನಡಿಯ ಮೇಲೆ ಹಾಯಿಸಿದಾಗ, ಭೂಮಿಯ ಸೆಳೆತದಲ್ಲಿ ಅವು ಕ್ವಾಂಟಮ್ ಮೆಟ್ಟಿಲುಗಳಲ್ಲಿ, ಅಂದರೆ ಕೆಲವು ನಿಗದಿತ ಮಟ್ಟಗಳಲ್ಲಿ ಮಾತ್ರ, ನಿಲ್ಲುವುದು ಕಂಡಿತು. ಮೊದಲ ಮೆಟ್ಟಿಲಿನ ಎತ್ತರ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಗುರುತ್ವ ಎಂಟ್ರೊಪಿಯಿಂದ ಬಂದಿದ್ದರೆ ಆ ಮೆಟ್ಟಿಲುಗಳು ಹಾಗೆ ಉಳಿಯುತ್ತಿರಲಿಲ್ಲ ಎಂದರು ಭೌತವಿಜ್ಞಾನಿ ಆರ್ಚಿಲ್ ಕೊಬಖಿಡ್ಜೆ. ಈ ವಾದಕ್ಕೆ ಮರುವಾದವೂ ಬಂತು.

2016ರಲ್ಲಿ ವರ್ಲಿಂಡೆ ಇನ್ನೂ ಮುಂದೆ ಹೋಗಿ, ಗೆಲಾಕ್ಸಿಗಳ ಹೆಚ್ಚುವರಿ ಸೆಳೆತವನ್ನು ವಿವರಿಸಲು ಊಹಿಸಿರುವ, ಕಣ್ಣಿಗೆ ಕಾಣದ ಕಪ್ಪುದ್ರವ್ಯವೇ ಬೇಕಿಲ್ಲ ಎಂದರು. 33,000ಕ್ಕೂ ಹೆಚ್ಚು ಗೆಲಾಕ್ಸಿಗಳು ತಮ್ಮ ಹಿಂಬದಿಯಿಂದ ಬರುವ ಬೆಳಕನ್ನು ಬಾಗಿಸುವ ಬಗೆಯನ್ನು ಅಳೆದಾಗ ಅವರ ಲೆಕ್ಕ ಹೊಂದಿಕೊಂಡಿತು. ಆದರೆ ಮರುವರ್ಷವೇ, ಗೆಲಾಕ್ಸಿಗಳ ತಿರುಗುವಿಕೆಗೂ ಸೌರವ್ಯೂಹದ ಗ್ರಹಗಳ ಚಲನೆಗೂ ಅದು ಸರಿಬರುವುದಿಲ್ಲ ಎಂದು ಬೇರೆಯವರು ತೋರಿಸಿದರು.

ಹಾಗಾಗಿ ಉಷ್ಣಕ್ಕೂ ಗುರುತ್ವಕ್ಕೂ ಆಳವಾದ ನಂಟಿದೆ ಎಂಬುದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಮಾಹಿತಿಯೇ ಮೂಲ ಎನ್ನಲಾರೆ. ರಬ್ಬರಿನಲ್ಲಿ ಮುದುಡುವ ಅಣು ಯಾವುದೆಂದು ನಮಗೆ ಗೊತ್ತು. ಗುರುತ್ವದಲ್ಲಿ ಆ ಜಾಗದಲ್ಲಿ ಏನಿದೆ ಎಂದು ಈವರೆಗೆ ಯಾರೂ ತೋರಿಸಿಲ್ಲ.